ಲೆ ಫಾಂಡ್ರಗೆ ಒಗ್ಗಿದ ಸಿಡ್ನಿ, ಸ್ಟರಿಜ್‌ಗೆ ಒಗ್ಗದ ಪರ್ತ್

ಪ್ರಶ್ನೆ: 2020–21ರ ಐಎಸ್‌ಎಲ್‌ನಲ್ಲಿ (ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್) ಮುಂಬೈ ಸಿಟಿ ಪರ ಗೋಲು ಹೊಡೆಯುತ್ತಿದ್ದ ಇಂಗ್ಲಿಷ್ ಆಟಗಾರ ಆ್ಯಡಂ ಲೆ ಫಾಂಡ್ರ ‘ಸಿಡ್ನಿ ಎಫ್‌ಸಿಯಿಂದ ಲೋನ್ ಮೇಲೆ ಬಂದವರು’ ಎಂದು ಕಾಮೆಂಟರಿಯಲ್ಲಿ ಹೇಳುತ್ತಿದ್ದರು. ಪ್ರೀಮಿಯರ್ ಲೀಗ್ ಆಡಿದವರು ಆಸ್ಟ್ರೇಲಿಯಾಕ್ಕೆ ಹೋಗುವುದು ಯಾಕೆ? ಅದು ವಯಸ್ಸಾದವರ ಪಿಂಚಣಿ ಲೀಗ್ ಅನ್ನುತ್ತಾರೆ, ನಿಜವೇ? ಹಾಗಾದರೆ ರಾಬಿ ಫೌಲರ್, ಎಮಿಲ್ ಹೆಸ್ಕಿ, ಡೇನಿಯಲ್ ಸ್ಟರಿಜ್ ಅವರಷ್ಟು ಹೆಸರಿಲ್ಲದ ಇವರು ಅಲ್ಲಿ ಅವರೆಲ್ಲರಿಗಿಂತ ಹೆಚ್ಚು ಗೋಲು ಹೊಡೆದದ್ದು ಹೇಗೆ?

ಉತ್ತರ: ಪಿಂಚಣಿ ಲೀಗ್ ಎಂದು ನಂಬಿಕೊಂಡು ಹೋದವರಿಗೆ ಆಸ್ಟ್ರೇಲಿಯಾದ ಎ–ಲೀಗ್ ಪಿಂಚಣಿಯನ್ನೂ ಸರಿಯಾಗಿ ಕೊಟ್ಟಿಲ್ಲ. ಅಲ್ಲಿಗೆ ಹೋದ ಇಂಗ್ಲಿಷ್ ಸ್ಟ್ರೈಕರ್‌ಗಳ ಪಟ್ಟಿ ಹಿಡಿದು ಕೂತರೆ, ಅವರ ಹಳೆಯ ಕೀರ್ತಿಗೂ ಅಲ್ಲಿ ಹೊಡೆದ ಗೋಲಿಗೂ ಹೆಚ್ಚೇನೂ ನಂಟು ಕಾಣುವುದಿಲ್ಲ. ನಂಟು ಇರುವುದು ಬೇರೆ ಮೂರರ ಜೊತೆ: ಕ್ಲಬ್ ಅವರನ್ನು ಗೋಲಿಗೆಂದು ಕರೆಸಿತೋ ಟಿಕೆಟ್ ಮಾರಾಟಕ್ಕೆಂದು ಕರೆಸಿತೋ, ವಿಮಾನ ಇಳಿದ ದಿನ ಅವರ ಕಾಲು ಯಾವ ಸ್ಥಿತಿಯಲ್ಲಿತ್ತು, ಮತ್ತು ಅವರಿಗೆ ಚೆಂಡು ತಂದುಕೊಡುವವರು ಯಾರಿದ್ದರು. ಲೆ ಫಾಂಡ್ರ ವಿಷಯದಲ್ಲಿ ಮೂರೂ ಕೂಡಿಬಂದವು.

1986ರಲ್ಲಿ ಸ್ಟಾಕ್‌ಪೋರ್ಟ್‌ನಲ್ಲಿ ಹುಟ್ಟಿದ ಲೆ ಫಾಂಡ್ರ ಊರಿನ ಸ್ಟಾಕ್‌ಪೋರ್ಟ್ ಕೌಂಟಿಯಿಂದ ಶುರುಮಾಡಿ ರೋಚ್‌ಡೇಲ್, ರಾದರ್‌ಹ್ಯಾಮ್ ಹೀಗೆ ಕೆಳ ಡಿವಿಷನ್‌ಗಳಲ್ಲೇ ಗೋಲು ಹೊಡೆದು ಬೆಳೆದವರು. 2011ರಲ್ಲಿ ರೆಡಿಂಗ್ ಸೇರಿದರು. ಆ ತಂಡ ಮುಂದಿನ ಬೇಸಿಗೆಯಲ್ಲಿ ಪ್ರೀಮಿಯರ್ ಲೀಗ್‌ಗೆ ಏರಿತು. 2012–13ರಲ್ಲಿ ಅವರು ಅಲ್ಲಿ ಹೊಡೆದ 12 ಗೋಲುಗಳಲ್ಲಿ 8 ಬಂದದ್ದು ಬದಲಿ ಆಟಗಾರನಾಗಿ ಇಳಿದ ಮೇಲೆ. ಜನವರಿ 30ರಂದು ಚೆಲ್ಸಿ ಎದುರು 0–2 ಹಿಂದಿದ್ದ ರೆಡಿಂಗ್‌ಗೆ ಕೊನೆಯ ಹತ್ತು ನಿಮಿಷದೊಳಗೆ ಎರಡು ಗೋಲು ತಂದುಕೊಟ್ಟು 2–2 ಮಾಡಿದರು. ಆ ತಿಂಗಳ ಪ್ರೀಮಿಯರ್ ಲೀಗ್ ಶ್ರೇಷ್ಠ ಆಟಗಾರ ಪ್ರಶಸ್ತಿ ಅವರದ್ದೇ. ರೆಡಿಂಗ್ ಆ ವರ್ಷ ಕೆಳಗಿಳಿಯಿತು, ಅದು ಬೇರೆ ಮಾತು.

ಈ ‘8 ಗೋಲು ಬದಲಿಯಾಗಿ’ ಎಂಬ ಅಂಕಿಯನ್ನು ಗಮನದಲ್ಲಿಡಿ. ಇಡೀ ಆಟದಲ್ಲಿ ಚೆಂಡನ್ನು ಇಪ್ಪತ್ತು ಸಲವೂ ಮುಟ್ಟದೆ, ಮುಟ್ಟಿದ ಎರಡು ಸಲದಲ್ಲಿ ಒಂದನ್ನು ಬಲೆಗೆ ಹಾಕುವ ಜಾತಿಯ ಆಟಗಾರ ಅವರು. ಎತ್ತರ 175 ಸೆಂಟಿಮೀಟರ್ ಆಸುಪಾಸು. ಹೆಡ್ಡರ್‌ಗೆ ಎಗರುವವರಲ್ಲ, ಡಿಫೆಂಡರ್‌ನನ್ನು ಓಟದಲ್ಲಿ ಹಿಂದಿಕ್ಕುವವರೂ ಅಲ್ಲ. ಚೆಂಡು ಎಲ್ಲಿ ಬೀಳುತ್ತದೆ ಎಂದು ಅರ್ಧ ಸೆಕೆಂಡು ಮೊದಲೇ ಊಹಿಸಿ ಅಲ್ಲಿ ನಿಂತಿರುವುದು ಅವರ ಕಸುಬು. ಇಂಥ ಕಸುಬು ವಯಸ್ಸಿನೊಂದಿಗೆ ಬೇಗ ಕರಗುವುದಿಲ್ಲ. ಆದರೆ ತಾನಾಗಿ ಏನನ್ನೂ ಹುಟ್ಟಿಸುವುದೂ ಇಲ್ಲ. ತಂಡ ಚೆಂಡನ್ನು ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸ್‌ವರೆಗೆ ತರದಿದ್ದರೆ ಅಂಥವರು ಮೈದಾನದಲ್ಲಿ ಇದ್ದೂ ಇಲ್ಲದಂತೆ.

2018ರ ಆಗಸ್ಟ್‌ನಲ್ಲಿ, 31ರ ವಯಸ್ಸಿನಲ್ಲಿ, ಅವರು ಬೋಲ್ಟನ್ ವಾಂಡರರ್ಸ್‌ನಿಂದ ಸಿಡ್ನಿ ಎಫ್‌ಸಿಗೆ ಬಂದರು. ಆಗ ಅಲ್ಲಿದ್ದದ್ದು ಕಟ್ಟಿ ಮುಗಿದ ತಂಡ. ಹಿಂದಿನ ಸೀಸನ್‌ನಲ್ಲಿ 27 ಗೋಲು ಹೊಡೆದು ಲೀಗ್ ದಾಖಲೆ ಮಾಡಿದ್ದ ಬ್ರೆಜಿಲ್‌ನ ಬೊಬೊ ಹೊರಟುಹೋಗಿದ್ದರು. ಕೋಚ್ ಗ್ರಹಾಂ ಅರ್ನಾಲ್ಡ್ ರಾಷ್ಟ್ರೀಯ ತಂಡಕ್ಕೆ ಹೋದದ್ದರಿಂದ ಅವರ ಸಹಾಯಕ ಸ್ಟೀವ್ ಕೊರಿಕಾ ಮುಖ್ಯ ಕೋಚ್ ಆಗಿದ್ದರು. ಅಂದರೆ ಆಟದ ಪದ್ಧತಿ ಬದಲಾಗಿರಲಿಲ್ಲ, ಮುಂದಿನ ಒಂದು ಜಾಗ ಮಾತ್ರ ಖಾಲಿ ಇತ್ತು. ಇಂಗ್ಲೆಂಡಿನಿಂದ ಬರುವ ಸ್ಟ್ರೈಕರ್‌ಗೆ ಇದಕ್ಕಿಂತ ಒಳ್ಳೆಯ ಕೆಲಸ ಸಿಗುವುದಿಲ್ಲ. ಕಷ್ಟ ಒಂದೇ: ಹಳೆಯ ಸಿಡ್ನಿ ಫುಟ್‌ಬಾಲ್ ಸ್ಟೇಡಿಯಂ ಆ ವರ್ಷ ಮುಚ್ಚಿ, ಬಳಿಕ ಕೆಡವಲ್ಪಟ್ಟಿತು. ಹೊಸದು ತೆರೆದದ್ದು 2022ರಲ್ಲಿ. ಹಾಗಾಗಿ ತಂಡ ಕೊಗರಾದ ಜುಬಿಲಿ, ಲೈಕಾರ್ಟ್ ಓವಲ್, ಸಿಡ್ನಿ ಕ್ರಿಕೆಟ್ ಮೈದಾನ ಎಂದು ಬಾಡಿಗೆ ಮನೆ ಬದಲಿಸುತ್ತಾ ‘ತವರಿನ’ ಪಂದ್ಯ ಆಡಬೇಕಾಯಿತು.

ಸಿಡ್ನಿಯ ಗೋಲುಗಳು ಹುಟ್ಟುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು. 2019–20ರ ತಂಡ 4-2-2-2ರಲ್ಲಿ, ಅಂದರೆ ನಾಲ್ವರು ಡಿಫೆಂಡರ್, ಅವರ ಮುಂದೆ ಇಬ್ಬಿಬ್ಬರ ಮೂರು ಸಾಲು ಎಂಬಂತೆ, ಆಡುತ್ತಿತ್ತು. ಹಿಂದೆ ಲೂಕ್ ಬ್ರಾಟನ್ ಮತ್ತು ಪೌಲೊ ರೆಟ್ರೆ ಚೆಂಡು ಹಂಚುವ ಇಬ್ಬರು. ಅವರ ಮುಂದೆ ಮಿಲೊಷ್ ನಿಂಕೊವಿಚ್ ಮತ್ತು ಆ್ಯಂಟನಿ ಕಾಸೆರೆಸ್, ರೆಕ್ಕೆಯಲ್ಲಿ ನಿಲ್ಲದೆ ಒಳಗೆ ಸರಿದು, ಎದುರಾಳಿ ಮಿಡ್‌ಫೀಲ್ಡ್‌ಗೂ ಡಿಫೆನ್ಸ್‌ಗೂ ನಡುವಿನ ಸಂದಿಯಲ್ಲಿ ಚೆಂಡು ಪಡೆಯುವವರು. ಅವರು ಒಳಗೆ ಬಂದರೆ ಹೊರಗೆ ಬಯಲು. ಆ ಬಯಲಿಗೆ ಫುಲ್‌ಬ್ಯಾಕ್‌ಗಳಾದ (ಅಂಚಿನ ಡಿಫೆಂಡರ್‌ಗಳು) ರಾಯನ್ ಗ್ರಾಂಟ್ ಬಲದಿಂದ, ಜೋಯೆಲ್ ಕಿಂಗ್ ಎಡದಿಂದ ನುಗ್ಗುತ್ತಿದ್ದರು. ಮುಂದಿನ ಇಬ್ಬರಲ್ಲಿ ಕೋಸ್ಟಾ ಬಾರ್ಬರೂಸಸ್ ಅಂಚಿನ ಕಡೆಗೆ ಓಡಿ ಒಬ್ಬ ಸೆಂಟರ್‌ಬ್ಯಾಕ್‌ನನ್ನು ಎಳೆದೊಯ್ಯುತ್ತಿದ್ದರು. ಉಳಿದ ಒಬ್ಬನ ಬೆನ್ನ ಹಿಂದೆ, ಪೆನಾಲ್ಟಿ ಗುರುತಿಗೂ ಆರು ಗಜದ ಗೆರೆಗೂ ನಡುವೆ, ಲೆ ಫಾಂಡ್ರ. ಗ್ರಾಂಟ್ ಗೋಲು ಗೆರೆಯವರೆಗೆ ಹೋಗಿ ಹಿಂದಕ್ಕೆ ಎಳೆದು ಕೊಟ್ಟ ಚೆಂಡು ಅಲ್ಲಿಗೇ ಬರುತ್ತದೆ. ಡಿಫೆಂಡರ್ ತನ್ನ ಗೋಲಿನ ಕಡೆ ಓಡುತ್ತಿರುವಾಗ, ಎರಡು ಹೆಜ್ಜೆ ಹಿಂದೆಯೇ ನಿಂತುಬಿಡುವುದು, ಇಷ್ಟೇ ಅವರು ಮಾಡುತ್ತಿದ್ದದ್ದು. ಮಾಡಿ ನೋಡಿದವರಿಗೆ ಗೊತ್ತು, ಎಲ್ಲರೂ ಮುಂದೆ ಓಡುವಾಗ ನಿಲ್ಲುವುದು ಎಷ್ಟು ಕಷ್ಟ ಎಂದು.

ಮೊದಲ ಸೀಸನ್‌ನಲ್ಲೇ ಲೀಗ್ ಗೋಲು ಹದಿನೈದು ದಾಟಿತು. ಎರಡನೆಯದರಲ್ಲಿ 20. ಆ ವರ್ಷ ಮೆಲ್ಬರ್ನ್ ಸಿಟಿಯ ಜೇಮೀ ಮೆಕ್ಲಾರೆನ್ 22 ಹೊಡೆದು ಅತಿ ಹೆಚ್ಚು ಗೋಲಿನ ಗೋಲ್ಡನ್ ಬೂಟ್ ಕಿತ್ತುಕೊಂಡರು (ಇದೇ ಮೆಕ್ಲಾರೆನ್ 2024ರಲ್ಲಿ ಮೋಹನ್ ಬಾಗಾನ್‌ಗೆ ಬಂದರು). ತಂಡದ ಲೆಕ್ಕ ಇನ್ನೂ ಚೆನ್ನ. ಎ–ಲೀಗ್‌ನಲ್ಲಿ ಪಟ್ಟಿಯ ಮೊದಲ ಸ್ಥಾನ ಪಡೆದವರಿಗೆ ‘ಪ್ರೀಮಿಯರ್’ ಎಂಬ ಹೆಸರು ಮತ್ತು ಒಂದು ತಟ್ಟೆ. ‘ಚಾಂಪಿಯನ್’ ಆಗಬೇಕಾದರೆ ಮೊದಲ ಆರು ತಂಡಗಳ ನಾಕೌಟ್ ಗೆದ್ದು ಗ್ರ್ಯಾಂಡ್ ಫೈನಲ್ ಗೆಲ್ಲಬೇಕು. ಯೂರೋಪಿನಿಂದ ಬಂದವರಿಗೆ ಇದು ಅರಗಲು ಒಂದು ವರ್ಷ ಬೇಕು. 2018–19ರಲ್ಲಿ ಸಿಡ್ನಿ ಎರಡನೇ ಸ್ಥಾನ. ಸೆಮಿಫೈನಲ್‌ನಲ್ಲಿ ಮೆಲ್ಬರ್ನ್ ವಿಕ್ಟರಿಯನ್ನು 6–1ರಿಂದ ಹೊಡೆದು, 2019ರ ಮೇ 19ರಂದು ಪರ್ತ್‌ನಲ್ಲಿ 56,371 ಜನರ ಎದುರು ಅಲ್ಲಿನ ಪರ್ತ್ ಗ್ಲೋರಿ ತಂಡದ ಜೊತೆ 0–0 ಆಡಿ, ಪೆನಾಲ್ಟಿಯಲ್ಲಿ 4–1ರಿಂದ ಗೆದ್ದಿತು. ಗೆರೆಯ ಮೇಲೆ ಕುಣಿದು ಎರಡು ಒದೆತ ತಡೆದ ಗೋಲಿ ಆಂಡ್ರ್ಯೂ ರೆಡ್‌ಮೇನ್ ಅವರೇ ಮೂರು ವರ್ಷದ ಬಳಿಕ ಅದೇ ಕುಣಿತದಿಂದ ಪೆರು ತಂಡವನ್ನು ವಿಶ್ವಕಪ್‌ನಿಂದ ಹೊರಗಿಟ್ಟವರು. 2019–20ರಲ್ಲಿ ಸಿಡ್ನಿ ಪ್ರೀಮಿಯರ್ ಆಗಿ, ಕೋವಿಡ್‌ನಿಂದ ಆಗಸ್ಟ್ 30ಕ್ಕೆ ತಳ್ಳಿಹೋದ ಫೈನಲ್‌ನಲ್ಲಿ ಮೆಲ್ಬರ್ನ್ ಸಿಟಿಯನ್ನು ಹೆಚ್ಚುವರಿ ಸಮಯದಲ್ಲಿ 1–0ರಿಂದ ಸೋಲಿಸಿತು. ಗೋಲು ಗ್ರಾಂಟ್ ಅವರ ಎದೆಯಿಂದ ಬಂತು.

ಇನ್ನು ದುಡ್ಡು. ‘ಅಲ್ಲಿ ಹೆಚ್ಚು ಸಿಗುತ್ತದೆ ಅಂತ ಹೋಗುತ್ತಾರೆ’ ಎಂಬುದು ಅರ್ಧ ಸುಳ್ಳು. ಎ–ಲೀಗ್‌ನಲ್ಲಿ ಪ್ರತಿ ಕ್ಲಬ್‌ಗೂ ಸಂಬಳದ ಮಿತಿ ಇದೆ. ಲೆ ಫಾಂಡ್ರ ಬಂದ 2018–19ರಲ್ಲಿ ಅದು ಇಡೀ ತಂಡಕ್ಕೆ ಸುಮಾರು 30 ಲಕ್ಷ ಆಸ್ಟ್ರೇಲಿಯನ್ ಡಾಲರ್. 23 ಜನರಿಗೆ ಸಮನಾಗಿ ಹಂಚಿದರೆ ತಲೆಗೆ 1.3 ಲಕ್ಷ. ಒಬ್ಬ ವಿದೇಶಿಗೆ ಈ ಮಿತಿಯೊಳಗೆ 4.5 ಲಕ್ಷ ಕೊಟ್ಟರೆ ಹುಂಡಿಯ 15% ಖಾಲಿ. ಉಳಿದ 22 ಜನ 25.5 ಲಕ್ಷದಲ್ಲಿ, ಅಂದರೆ ಸರಾಸರಿ 1.16 ಲಕ್ಷದಲ್ಲಿ, ಸುಧಾರಿಸಬೇಕು. ಆ ಹದಿನಾಲ್ಕು ಸಾವಿರದ ಕೊರತೆಯೇ ಒಬ್ಬ ಒಳ್ಳೆಯ ಎಡ ಫುಲ್‌ಬ್ಯಾಕ್ ಸಿಗದಿರಲು ಕಾರಣವಾಗಬಹುದು. ಆಗ ಸ್ಟ್ರೈಕರ್‌ಗೆ ಕ್ರಾಸ್ ಕೊಡುವವರು ಯಾರು? ಇದಕ್ಕೆಂದೇ ‘ಮಾರ್ಕೀ’ ಎಂಬ ಕಿಂಡಿ: ಅಂಥ ಒಬ್ಬಿಬ್ಬರ ಸಂಬಳ ಮಿತಿಯ ಲೆಕ್ಕಕ್ಕೆ ಬರುವುದಿಲ್ಲ, ಮಾಲೀಕ ತನ್ನ ಜೇಬಿನಿಂದ ಎಷ್ಟಾದರೂ ಕೊಡಬಹುದು. ಜೊತೆಗೆ ವಿದೇಶಿಯರಿಗೆ ಐದೇ ಜಾಗ. ಇಂಗ್ಲಿಷ್ ಆಟಗಾರ ಅದರಲ್ಲೊಂದನ್ನು ತಿನ್ನುತ್ತಾನೆ. ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಇದ್ದರೆ ಹುಟ್ಟಿದ್ದು ಇಂಗ್ಲೆಂಡ್ ಆದರೂ ಸ್ಥಳೀಯ.

ತೆರಿಗೆಯಲ್ಲೂ ಲಾಭವಿಲ್ಲ. ಮೇಲಿನ 4.5 ಲಕ್ಷಕ್ಕೇ ಲೆಕ್ಕ ಹಾಕಿ. ಅಂದಿನ ದರದಲ್ಲಿ 1.8 ಲಕ್ಷದವರೆಗೆ 54,097 ಡಾಲರ್, ಅದರ ಮೇಲಿನ 2.7 ಲಕ್ಷಕ್ಕೆ 45%ರಂತೆ 1,21,500, ಜೊತೆಗೆ ಆರೋಗ್ಯ ಸೇವೆಗೆಂದು 2% ಮೆಡಿಕೇರ್ ಲೆವಿ 9,000. ಒಟ್ಟು ಸುಮಾರು 1.85 ಲಕ್ಷ ಸರ್ಕಾರಕ್ಕೆ. ಇಂಗ್ಲೆಂಡಿನ ಮೇಲ್ದರವೂ 45 ಶೇಕಡವೇ. ಸೂಪರ್‌ಆ್ಯನ್ಯುಯೇಷನ್ ಎಂಬ ನಿವೃತ್ತಿ ನಿಧಿಗೆ ಕ್ಲಬ್ ಕಟ್ಟುವ ಹಣವನ್ನು ದೇಶ ಬಿಡುವಾಗ ಪಡೆಯಬಹುದು, ಆದರೆ ಅದರಲ್ಲೂ ಸಾಮಾನ್ಯವಾಗಿ 35% ತೆರಿಗೆ ಮುರಿಯುತ್ತಾರೆ. ಹಾಗಿದ್ದರೂ 31 ದಾಟಿದ, ಇಂಗ್ಲೆಂಡಿನ ಎರಡನೇ ದರ್ಜೆಯ ‘ಚಾಂಪಿಯನ್‌ಶಿಪ್’ ಲೀಗಿನ ಆಟಗಾರ ಹೋಗುವುದು ಯಾಕೆಂದರೆ, ಇಂಗ್ಲೆಂಡಿನಲ್ಲಿ ಆ ವಯಸ್ಸಿನವರಿಗೆ ಸಿಗುವುದು ವರ್ಷಕ್ಕೊಂದು ವರ್ಷದ ಕರಾರು, ಮೂರು ತಿಂಗಳಿಗೊಂದು ಲೋನ್. ಲೆ ಫಾಂಡ್ರ ಅವರೇ ರೆಡಿಂಗ್ ಬಿಟ್ಟ ಮೇಲೆ ಕಾರ್ಡಿಫ್, ಬೋಲ್ಟನ್, ವುಲ್ವ್ಸ್, ವಿಗನ್ ಎಂದು ಪೆಟ್ಟಿಗೆ ಕಟ್ಟುತ್ತಲೇ ಇದ್ದರು. ಸಿಡ್ನಿಯಲ್ಲಿ ಸಿಕ್ಕಿದ್ದು ಎರಡು ವರ್ಷ, ಒಂದು ಊರು, ಮೊದಲ ಹನ್ನೊಂದರಲ್ಲಿ ಜಾಗ.

ಕಾಗದಪತ್ರದ ಕೆಲಸ ಕೇಳಿದಷ್ಟು ಕಷ್ಟವಲ್ಲ, ಆದರೆ ಕ್ರಮ ತಪ್ಪಿದರೆ ಪಂದ್ಯ ತಪ್ಪುತ್ತದೆ. ಕ್ರೀಡಾಪಟುಗಳಿಗೆ ಸಾಮಾನ್ಯವಾಗಿ ಸಬ್‌ಕ್ಲಾಸ್ 408 ಎಂಬ ತಾತ್ಕಾಲಿಕ ವೀಸಾ. ಕ್ಲಬ್‌ನ ಪ್ರಾಯೋಜಕತ್ವದ ಜೊತೆ ಆ ಕ್ರೀಡೆಯ ರಾಷ್ಟ್ರೀಯ ಸಂಸ್ಥೆಯ ಬೆಂಬಲ ಪತ್ರ ಬೇಕು. ಇನ್ನೊಂದು ಕಡೆ ಫಿಫಾದ ವರ್ಗಾವಣೆ ವ್ಯವಸ್ಥೆಯಲ್ಲಿ ಆಸ್ಟ್ರೇಲಿಯಾದ ಸಂಸ್ಥೆ ಇಂಗ್ಲಿಷ್ ಸಂಸ್ಥೆಯಿಂದ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರ ಕೇಳಬೇಕು. ಆಗ ಉತ್ತರಕ್ಕೆ ಏಳು ದಿನ ಅವಕಾಶವಿತ್ತು. ವೀಸಾ ಬಂದು ಪ್ರಮಾಣಪತ್ರ ಬರದಿದ್ದರೆ ಆಟಗಾರ ತರಬೇತಿ ಮಾಡಬಹುದು, ಅಧಿಕೃತ ಪಂದ್ಯಕ್ಕೆ ಇಳಿಯುವಂತಿಲ್ಲ. ಪ್ರಮಾಣಪತ್ರ ಬಂದು ವೀಸಾ ಬರದಿದ್ದರೆ ಮ್ಯಾಂಚೆಸ್ಟರ್‌ನ ಮನೆಯಲ್ಲೇ ಕೂತಿರಬೇಕು.

ದೊಡ್ಡ ತಪ್ಪು ನಡೆಯುವುದು ಕ್ಯಾಲೆಂಡರ್‌ನಲ್ಲಿ. ಇಂಗ್ಲಿಷ್ ಕ್ಲಬ್‌ಗಳು ಜೂನ್ ಕೊನೆಗೆ ತರಬೇತಿ ಶುರುಮಾಡಿ ಆಗಸ್ಟ್‌ನಲ್ಲಿ ಲೀಗ್ ಆಡುತ್ತವೆ. ಎ–ಲೀಗ್ ಈಗ ಶುರುವಾಗುವುದು ಅಕ್ಟೋಬರ್‌ನಲ್ಲಿ. ಆಗಸ್ಟ್‌ನಲ್ಲಿ ಸಿಡ್ನಿಗೆ ಇಳಿದ ಆಟಗಾರ ಇಂಗ್ಲೆಂಡಿನಲ್ಲಿ ಒಂದು ಪೂರ್ವತಯಾರಿ ಮುಗಿಸಿ, ಇಲ್ಲಿ ಎರಡನೆಯದಕ್ಕೆ ಸೇರುತ್ತಾನೆ. ಎರಡನ್ನೂ ಪೂರ್ತಿ ಹೊರೆಯಲ್ಲಿ ಮಾಡಿಸಿದರೆ ನವೆಂಬರ್‌ಗೆ ಹ್ಯಾಮ್‌ಸ್ಟ್ರಿಂಗ್ (ಹಿಂದೊಡೆಯ ಸ್ನಾಯು) ಕೈಕೊಡುತ್ತದೆ. ಜಾಣ ಕ್ಲಬ್‌ಗಳು ಮೊದಲ ಎರಡು ವಾರ ಓಟದ ದೂರವನ್ನು ಅರ್ಧಕ್ಕಿಳಿಸಿ, ವೇಗದ ಓಟವನ್ನು ಮಾತ್ರ ಉಳಿಸಿ, ಆಸ್ಟ್ರೇಲಿಯಾದ ಕಪ್ ಪಂದ್ಯಗಳಲ್ಲಿ 30, 60, 90 ನಿಮಿಷ ಎಂದು ಏರಿಸುತ್ತವೆ. ಇದು ಕಾಲು ಬಿಸಿಯಾಗಿರುವಾಗ ಬಂದವರ ಸಮಸ್ಯೆ, ಪರಿಹಾರ ಸುಲಭ.

ಕಾಲು ತಣ್ಣಗಾಗಿ ಬಂದವರ ಸಮಸ್ಯೆಗೆ ಪರಿಹಾರ ಸುಲಭವಲ್ಲ. ಸ್ಟರಿಜ್ 2020ರ ಮಾರ್ಚ್‌ನಲ್ಲಿ ಟರ್ಕಿಯ ಟ್ರಾಬ್ಝೋನ್‌ಸ್ಪೋರ್ ಬಿಟ್ಟ ಮೇಲೆ ಕ್ಲಬ್ ಇಲ್ಲದೆ ಉಳಿದು, 2021ರ ಅಕ್ಟೋಬರ್‌ನಲ್ಲಿ ಪರ್ತ್ ಗ್ಲೋರಿ ಸೇರಿದರು. ನಡುವೆ ಒಂದೂವರೆ ವರ್ಷಕ್ಕೂ ಮಿಕ್ಕಿ ಸ್ಪರ್ಧಾತ್ಮಕ ಪಂದ್ಯವೇ ಇಲ್ಲ. ಅವರಿಗಿಂತ ಚುರುಕಾದ ಎಡಗಾಲು ಆ ಲೀಗ್‌ಗೆ ಬಂದದ್ದು ಕಡಿಮೆ. ಆದರೆ ಸ್ನಾಯುವಿಗೆ ಅದು ಗೊತ್ತಿಲ್ಲ. ಜಿಮ್‌ನಲ್ಲಿ ಎಷ್ಟು ಬೆವರಿದರೂ, ಡಿಫೆಂಡರ್ ತಳ್ಳುವಾಗ ತಟ್ಟನೆ ನಿಂತು ದಿಕ್ಕು ಬದಲಿಸುವ ಹೊರೆ ಪಂದ್ಯದಲ್ಲಿ ಮಾತ್ರ ಸಿಗುತ್ತದೆ. ಸಾಲದ್ದಕ್ಕೆ ಪಶ್ಚಿಮ ಆಸ್ಟ್ರೇಲಿಯಾ ಕೋವಿಡ್‌ಗೆ ಗಡಿ ಮುಚ್ಚಿದ್ದರಿಂದ ತಂಡ ತಿಂಗಳುಗಟ್ಟಲೆ ಮನೆ ಬಿಟ್ಟು ಪೂರ್ವದ ಹೋಟೆಲ್‌ಗಳಲ್ಲಿ ಉಳಿಯಬೇಕಾಯಿತು. ಫಲಿತಾಂಶ: 6 ಪಂದ್ಯ, ಸೊನ್ನೆ ಗೋಲು. ಪರ್ತ್ ಪಟ್ಟಿಯ ತಳದಲ್ಲಿ ಮುಗಿಸಿತು. ಸ್ಟರಿಜ್ ಸೋಮಾರಿತನ ಮಾಡಿದರು ಎಂದು ಬರೆದವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ, ಅದು ಮೊದಲ ದಿನವೇ ಸೋತ ಲೆಕ್ಕ.

ಪರ್ತ್ ಎಂದಾಗ ದೂರದ ಮಾತು ಬರಲೇಬೇಕು. ಸಿಡ್ನಿಯಿಂದ ಪರ್ತ್‌ಗೆ ಸುಮಾರು 3,300 ಕಿಲೋಮೀಟರ್. ಹೋಗುವಾಗ ಐದು ತಾಸು, ಗಾಳಿ ಬೆನ್ನಿಗಿದ್ದು ಬರುವಾಗ ನಾಲ್ಕು. ಬೇಸಿಗೆಯಲ್ಲಿ ಸಿಡ್ನಿ ಗಡಿಯಾರವನ್ನು ಒಂದು ತಾಸು ಮುಂದಿಡುತ್ತದೆ, ಪರ್ತ್ ಇಡುವುದಿಲ್ಲ, ಹಾಗಾಗಿ ಅಂತರ ಮೂರು ತಾಸು. ಪರ್ತ್‌ನ ಸಂಜೆ ಆರೂವರೆಯ ಪಂದ್ಯ ಸಿಡ್ನಿ ಆಟಗಾರನ ದೇಹಕ್ಕೆ ರಾತ್ರಿ ಒಂಬತ್ತೂವರೆ. ಎರಡನೇ ಅರ್ಧ ಮುಗಿಯುವಾಗ ಅವನ ಮಿದುಳು ಹಾಸಿಗೆ ಹುಡುಕುತ್ತಿರುತ್ತದೆ. ವಾರದ ನಂತರ ನ್ಯೂಜಿಲೆಂಡಿನ ವೆಲ್ಲಿಂಗ್ಟನ್‌ನಲ್ಲಿ ಪಂದ್ಯವಿದ್ದರೆ ಗಡಿಯಾರ ಇನ್ನೊಂದು ಕಡೆಗೆ ಎರಡು ತಾಸು ತಿರುಗುತ್ತದೆ. ಇಂಗ್ಲೆಂಡಿನಲ್ಲಿ ಅತಿ ದೂರದ ಪಂದ್ಯಕ್ಕೂ ಬಸ್ಸಿನಲ್ಲಿ ಹೋಗಿ ಅದೇ ರಾತ್ರಿ ಮನೆ ಸೇರುವವರಿಗೆ ಇದು ಹೊಸ ಕಸುಬು. 30 ದಾಟಿದವರಲ್ಲಿ ವಿಮಾನದ ನಂತರದ ಎರಡನೇ ದಿನ ಸೊಂಟ, ಹಿಂದೊಡೆ ಬಿಗಿಯುವುದು ಸಾಮಾನ್ಯ. ಹಾರಿದ ಮರುದಿನ ಜೋರು ಓಟ ಇಡಬಾರದು, ಈಜು ಅಥವಾ ಸೈಕಲ್ ಸಾಕು.

ನೆಲವೂ ಬೇರೆ. ಇಂಗ್ಲೆಂಡಿನ ಮೈದಾನಗಳಲ್ಲಿ ರೈ ಹುಲ್ಲು, ಚಳಿಗಾಲದ ತೇವ. ಸಿಡ್ನಿ, ಪರ್ತ್‌ನ ಬೇಸಿಗೆಯಲ್ಲಿ ಬರ್ಮುಡಾ ಜಾತಿಯ ‘ಕೌಚ್’ ಅಥವಾ ಕಿಕುಯು. ನಮ್ಮ ಗರಿಕೆ ಈ ಕೌಚ್‌ಗೇ ಸೇರಿದ್ದು ಅಂದರೆ ಕಣ್ಣಿಗೆ ಕಟ್ಟೀತು. ಕೆಳಗಿನ ಮಣ್ಣು ಗಟ್ಟಿ, ಮೇಲಿನ ಹೆಣಿಗೆ ದಟ್ಟ. ರಗ್ಬಿ ಲೀಗ್ ಆಡಿದ ಮರುವಾರ ಅದೇ ಅಂಗಳದಲ್ಲಿ ಫುಟ್‌ಬಾಲ್. ಕಬ್ಬಿಣದ ತುದಿಯ ಉದ್ದ ಸ್ಟಡ್ ಹಾಕಿಕೊಂಡು ಬಂದರೆ ಅದು ಒಳಗಿಳಿಯುವುದಿಲ್ಲ, ಭಾರವೆಲ್ಲ ಪಾದದ ಕೆಲವೇ ಚುಕ್ಕೆಗಳ ಮೇಲೆ ಬಿದ್ದು ಬೊಕ್ಕೆ, ಆಮೇಲೆ ಹಿಮ್ಮಡಿ ನೋವು. ಗಟ್ಟಿ ನೆಲದ ಮೋಲ್ಡೆಡ್ ಸ್ಟಡ್‌ನ ಎರಡು ಜೊತೆ ಬೂಟು ಮೊದಲೇ ಹದಮಾಡಿಟ್ಟುಕೊಂಡು ಬರಬೇಕು. ನೀರು ಹೊಡೆಯದ ಕಿಕುಯು ಮೇಲೆ ಚೆಂಡು ನಿಧಾನ ಉರುಳುತ್ತದೆ, ನೆಲಕ್ಕೆ ಅಪ್ಪಳಿಸಿದರೆ ಎತ್ತರ ಪುಟಿಯುತ್ತದೆ. ಡಿಫೆಂಡರ್ ಹಿಂದೆ ಹಾಕಿದ ಉದ್ದ ಪಾಸಿಗೆ ಇಂಗ್ಲೆಂಡಿನಲ್ಲಿ ಓಡುವ ವೇಗದಲ್ಲೇ ಓಡಿದರೆ ಚೆಂಡು ಇನ್ನೂ ಹಿಂದೆಯೇ ಇರುತ್ತದೆ.

ಸೆಕೆಯ ವಿಷಯದಲ್ಲಿ ಎಲ್ಲರೂ ಥರ್ಮಾಮೀಟರ್ ನೋಡಿ ಮೋಸಹೋಗುತ್ತಾರೆ. ಆಟಗಾರರಿಗೆ ಬಳಸುವುದು ಡಬ್ಲ್ಯುಬಿಜಿಟಿ ಎಂಬ ಸೂಚ್ಯಂಕ: ಒದ್ದೆ ಬಟ್ಟೆ ಸುತ್ತಿದ ಬಲ್ಬಿನ ಉಷ್ಣತೆಯ 70%, ಬಿಸಿಲಲ್ಲಿಟ್ಟ ಕಪ್ಪು ಗೋಳದ ಉಷ್ಣತೆಯ 20%, ಸಾದಾ ಥರ್ಮಾಮೀಟರಿನ 10% ಕೂಡಿದ್ದು. ಒಣ ಪರ್ತ್‌ನಲ್ಲಿ ಸಾದಾ 38, ಒದ್ದೆ ಬಲ್ಬ್ 20, ಗೋಳ 45 ಇದ್ದರೆ 3.8 + 14 + 9, ಅಂದರೆ 26.8. ತೇವದ ಉಷ್ಣವಲಯದ ಟೌನ್ಸ್‌ವಿಲ್‌ನಲ್ಲಿ ಸಾದಾ 31 ಮಾತ್ರ, ಆದರೆ ಒದ್ದೆ ಬಲ್ಬ್ 27, ಗೋಳ 40 ಎಂದುಕೊಳ್ಳಿ: 3.1 + 18.9 + 8, ಅಂದರೆ 30. ಏಳು ಡಿಗ್ರಿ ‘ತಂಪಾದ’ ಊರೇ ದೇಹಕ್ಕೆ ಹೆಚ್ಚು ಅಪಾಯ, ಬೆವರು ಆರುವುದಿಲ್ಲವಲ್ಲ. ಫಿಫಾ 32ರ ನಂತರ ನೀರಿನ ವಿರಾಮ ಕೇಳುತ್ತದೆ. ಆಸ್ಟ್ರೇಲಿಯಾದವರು ಅದಕ್ಕೂ ಮೊದಲೇ ಎಚ್ಚೆತ್ತುಕೊಳ್ಳುತ್ತಾರೆ. ಇಂಗ್ಲೆಂಡಿನಿಂದ ಬಂದ ದೇಹ ಈ ಸೆಕೆಗೆ ಹೊಂದಿಕೊಳ್ಳಲು ಹತ್ತರಿಂದ ಹದಿನಾಲ್ಕು ದಿನ ಬೇಕು, ಅಷ್ಟೂ ದಿನ ಬಿಸಿಲಲ್ಲಿ ದಿನಕ್ಕೊಂದು ತಾಸಿನ ಮಿತವಾದ ಕೆಲಸ ಮಾಡಿದರೆ. ಏಸಿ ಕೋಣೆಯಲ್ಲಿ ಕೂತರೆ ದಿನ ಎಣಿಸಿದ್ದಷ್ಟೇ ಬಂತು.

ಟೌನ್ಸ್‌ವಿಲ್‌ನ ಹೆಸರು ತೆಗೆದದ್ದು ಫೌಲರ್ ಅವರಿಗಾಗಿ. ಲಿವರ್‌ಪೂಲ್‌ಗೆ 183 ಗೋಲು, ಪ್ರೀಮಿಯರ್ ಲೀಗ್‌ನಲ್ಲಿ 163. 2009ರಲ್ಲಿ ಆ ಊರಲ್ಲಿ ಹೊಸದಾಗಿ ಹುಟ್ಟಿದ ನಾರ್ತ್ ಕ್ವೀನ್ಸ್‌ಲ್ಯಾಂಡ್ ಫ್ಯೂರಿ ಅವರನ್ನು ಮಾರ್ಕೀ ಆಗಿ ತಂದಿತು. ಆಗ ಅವರಿಗೆ 34, ಬ್ಲ್ಯಾಕ್‌ಬರ್ನ್ ಬಿಟ್ಟು ತಿಂಗಳುಗಳೇ ಆಗಿದ್ದವು. ಆ ಕಾಲದಲ್ಲಿ ಲೀಗ್ ಆಗಸ್ಟ್‌ನಲ್ಲೇ ಶುರುವಾಗುತ್ತಿತ್ತು. ಮೊದಲ ಪಂದ್ಯದಲ್ಲೇ ಸಿಡ್ನಿ ಎದುರು ಪೆನಾಲ್ಟಿ ಗೋಲು, ಆದರೂ 2–3ರ ಸೋಲು. ಸೀಸನ್ ಮುಗಿದಾಗ 26 ಪಂದ್ಯ, 9 ಗೋಲು, ಹತ್ತರಲ್ಲಿ ಏಳನೇ ಸ್ಥಾನ. ಹೊಸ ತಂಡದಲ್ಲಿ ಚೆಂಡು ಹುಡುಕಿಕೊಂಡು ಅವರೇ ಮಿಡ್‌ಫೀಲ್ಡ್‌ವರೆಗೆ ಇಳಿಯಬೇಕಾಗುತ್ತಿತ್ತು, ಪಾಸು ಕೊಟ್ಟು ತಿರುಗಿದರೆ ಬಾಕ್ಸ್ ನಲವತ್ತು ಗಜ ದೂರ. ಅಷ್ಟರಲ್ಲಿ ಕ್ಲಬ್ಬಿನ ಹಣ ಬರಿದಾಯಿತು, ಫುಟ್‌ಬಾಲ್ ಸಂಸ್ಥೆ ಕೈಯಾಸರೆ ಕೊಡಬೇಕಾಯಿತು. 2011ರ ಮಾರ್ಚ್ 1ಕ್ಕೆ ಪರವಾನಗಿಯೇ ಹೋಯಿತು. ಫೌಲರ್ ಅಷ್ಟರೊಳಗೆ ಪರ್ತ್‌ಗೆ ಹೋಗಿ 28 ಪಂದ್ಯಗಳಲ್ಲಿ ಮತ್ತೆ 9 ಹೊಡೆದಿದ್ದರು. ಆ ತಂಡ ಹನ್ನೊಂದರಲ್ಲಿ ಹತ್ತನೆಯದು. ಆ ಎರಡು ತಂಡಗಳಲ್ಲಿ, ಆ ವಯಸ್ಸಿನಲ್ಲಿ, 18 ಗೋಲು ಸಣ್ಣದಲ್ಲ. ಜನ ‘ಫೌಲರ್ ವಿಫಲ’ ಎನ್ನುವುದು ಹಳೆಯ ಫೌಲರ್‌ನ ಜೊತೆ ಹೋಲಿಸಿ.

ಹೆಸ್ಕಿಯ ಕಥೆಯಲ್ಲಿ ತಪ್ಪು ಬೇರೆ. 2012ರಲ್ಲಿ ಸಿಡ್ನಿಗೆ ಇಟಲಿಯ ಡೆಲ್ ಪಿಯೆರೊ, ವೆಸ್ಟರ್ನ್ ಸಿಡ್ನಿಗೆ ಜಪಾನಿನ ಶಿಂಜಿ ಓನೊ ಬಂದಾಗ ಆಸ್ಟ್ರೇಲಿಯಾದ್ದೇ ಆದ ನ್ಯೂಕಾಸಲ್ ಜೆಟ್ಸ್ ಹೆಸ್ಕಿಯನ್ನು ಕರೆಸಿತು. ಇಂಗ್ಲೆಂಡ್ ಪರ 62 ಪಂದ್ಯಗಳಲ್ಲಿ 7 ಗೋಲು ಹೊಡೆದ ಆಟಗಾರ ಆತ. ಹೊಡೆಯುವುದು ಅವರ ಕೆಲಸವೇ ಆಗಿರಲಿಲ್ಲ. ಬೆನ್ನಿಗೆ ಡಿಫೆಂಡರ್‌ನನ್ನು ಹೊತ್ತು ಚೆಂಡು ಹಿಡಿದು ಪಕ್ಕದ ಮೈಕೆಲ್ ಓವನ್‌ಗೆ ದಾರಿ ಮಾಡಿಕೊಡುವುದು ಅವರ ಕೆಲಸ. ಜೆಟ್ಸ್‌ನಲ್ಲಿ ಓವನ್ ಇರಲಿಲ್ಲ. ಆದರೂ ಮೊದಲ ಸೀಸನ್ 23 ಪಂದ್ಯಕ್ಕೆ 9 ಗೋಲು. ಎರಡನೆಯದರಲ್ಲಿ 19ಕ್ಕೆ 1. ಪೋಸ್ಟರ್ ಮಾರಾಟವಾಯಿತು, ತಂಡ ಮೊದಲ ವರ್ಷ ಎಂಟನೆಯದಾಯಿತು.

ನೀವು ಕೇಳಿದ ಮುಂಬೈ ಲೋನ್‌ಗೆ ಕಾರಣ ಕೋವಿಡ್ ಕ್ಯಾಲೆಂಡರ್. 2020–21ರ ಎ–ಲೀಗ್ ಡಿಸೆಂಬರ್ ಕೊನೆಗೆ ತಳ್ಳಿಹೋಯಿತು, ಸಂಬಳದ ಮಿತಿಯನ್ನು 21 ಲಕ್ಷ ಡಾಲರ್‌ಗೆ ಇಳಿಸಿದರು. ಐಎಸ್‌ಎಲ್ ನವೆಂಬರ್ 20ಕ್ಕೇ ಗೋವಾದ ಬಯೋ ಬಬಲ್‌ನಲ್ಲಿ ಶುರುವಾಯಿತು. ದುಬಾರಿ ವಿದೇಶಿಯ ಸಂಬಳದ ಹೊರೆ ಸಿಡ್ನಿಗೆ ತಪ್ಪಿತು, ಆಟಗಾರನಿಗೆ ಪಂದ್ಯ ಸಿಕ್ಕಿತು, ಸೆರ್ಜಿಯೊ ಲೊಬೆರಾ ಅವರ ಮುಂಬೈಗೆ ಬಾಕ್ಸ್‌ನೊಳಗೆ ನಿಲ್ಲುವವರು ಸಿಕ್ಕರು. ಪಾಸಿನ ಮೇಲೆ ನಿಂತ ಆ ತಂಡ ಸಿಡ್ನಿಯಂತೆಯೇ ಚೆಂಡನ್ನು ಒಳಗೆ ತರುತ್ತಿತ್ತು. ಲೆ ಫಾಂಡ್ರ 11 ಗೋಲು ಹೊಡೆದರು. ಪಟ್ಟಿಯ ಮೊದಲ ಸ್ಥಾನಕ್ಕೆ ಕೊಡುವ ಲೀಗ್ ಶೀಲ್ಡ್, ಮಾರ್ಚ್ 13ರ ಫೈನಲ್‌ನಲ್ಲಿ ಎಟಿಕೆ ಮೋಹನ್ ಬಾಗಾನ್ ಮೇಲೆ 2–1ರ ಜಯ, ಎರಡೂ ಮುಂಬೈಗೆ. ಅದೇ ವರ್ಷ ಅದೇ ಗೋವಾದಲ್ಲಿ ಫೌಲರ್ ಈಸ್ಟ್ ಬೆಂಗಾಲ್‌ನ ಕೋಚ್ ಆಗಿದ್ದರು. ಆಮೇಲೆ ಲೆ ಫಾಂಡ್ರ ಸಿಡ್ನಿಗೆ ಮರಳಿದರು, ಆದರೆ 2021–22ರಲ್ಲಿ ತಂಡ ಎಂಟನೇ ಸ್ಥಾನಕ್ಕೆ ಕುಸಿದಾಗ ಅವರ ಗೋಲುಗಳೂ ಇಳಿದವು. 2023ರಲ್ಲಿ ಸ್ಕಾಟ್‌ಲೆಂಡಿನ ಹೈಬರ್ನಿಯನ್ ಸೇರಿದರು.

ಬೆಂಗಳೂರಿಗೂ ಎ–ಲೀಗ್‌ನಿಂದ ಬಂದವರಿದ್ದಾರೆ, ಇಂಗ್ಲಿಷರಲ್ಲ ಅಷ್ಟೇ. 2011ರ ಗ್ರ್ಯಾಂಡ್ ಫೈನಲ್‌ನ 120ನೇ ನಿಮಿಷದಲ್ಲಿ ಹೆಡ್ಡರ್‌ನಿಂದ ಬ್ರಿಸ್ಬೇನ್ ರೋರ್‌ಗೆ ಸಮಬಲ ತಂದುಕೊಟ್ಟ ಎರಿಕ್ ಪಾರ್ಟಲು 2017ರಿಂದ ಬೆಂಗಳೂರು ಎಫ್‌ಸಿಯಲ್ಲಿ ಆಡಿದರು. 2018–19ರ ಗೋಲ್ಡನ್ ಬೂಟ್‌ನಲ್ಲಿ ಲೆ ಫಾಂಡ್ರಗಿಂತ ಮುಂದಿದ್ದ ಫಿಜಿಯ ರಾಯ್ ಕೃಷ್ಣ 2022ರಲ್ಲಿ ಕಂಠೀರವಕ್ಕೆ ಬಂದರು. ಆಸ್ಟ್ರೇಲಿಯಾ 2006ರಿಂದ ಏಷ್ಯಾ ಒಕ್ಕೂಟದಲ್ಲಿರುವುದರಿಂದ ಪಾರ್ಟಲು ಅಂಥವರನ್ನು ಆಗ ‘ಏಷ್ಯನ್ ಕೋಟಾ’ದಲ್ಲಿ ತರಬಹುದಿತ್ತು. ಇಂಗ್ಲಿಷ್ ಆಟಗಾರ ಸಿಡ್ನಿಯಲ್ಲಿ ಹತ್ತು ವರ್ಷ ಆಡಿದರೂ ಪಾಸ್‌ಪೋರ್ಟ್ ಬದಲಿಸದೆ ಆ ಜಾಗಕ್ಕೆ ಬರುತ್ತಿರಲಿಲ್ಲ.

ಮುಂದೆ ಯಾವುದಾದರೂ ಇಂಗ್ಲಿಷ್ ಹೆಸರು ಎ–ಲೀಗ್‌ಗೆ ಹೊರಟಿದೆ ಎಂದು ಓದಿದರೆ, ಅವರ ಒಟ್ಟು ಗೋಲು ನೋಡಬೇಡಿ. ಕೊನೆಯ ಬಾರಿ 90 ನಿಮಿಷ ಆಡಿದ ತಾರೀಖು ನೋಡಿ, ಆರು ತಿಂಗಳು ಮೀರಿದ್ದರೆ ಕ್ರಿಸ್‌ಮಸ್‌ವರೆಗೆ ಏನನ್ನೂ ನಿರೀಕ್ಷಿಸಬೇಡಿ. ಆ ಕ್ಲಬ್ಬಿನ ಕಳೆದ ವರ್ಷದ ಸ್ಟ್ರೈಕರ್ ಎಷ್ಟು ಹೊಡೆದಿದ್ದ, ಅವನಿಗೆ ಚೆಂಡು ಕೊಟ್ಟವರು ಇನ್ನೂ ಇದ್ದಾರೆಯೇ ನೋಡಿ. ಪಂದ್ಯಗಳನ್ನು ನೋಡುವುದು ನಮಗೆ ಕಷ್ಟವಿಲ್ಲ: ಡಿಸೆಂಬರ್, ಜನವರಿಯಲ್ಲಿ ಸಿಡ್ನಿಯ ರಾತ್ರಿ 7.45 ನಮ್ಮ ಮಧ್ಯಾಹ್ನ 2.15, ಪರ್ತ್‌ನ ಅದೇ ಹೊತ್ತು ನಮಗೆ ಸಂಜೆ 5.15. ಟೀವಿ ಹಾಕಿದಾಗ ಚೆಂಡನ್ನು ಬಿಟ್ಟು ಸ್ಟ್ರೈಕರ್‌ನ ಕಾಲನ್ನೇ ಹತ್ತು ನಿಮಿಷ ನೋಡಿ. ಅವನು ಚೆಂಡು ಹುಡುಕಿ ಮಧ್ಯಗೆರೆಯ ಕಡೆ ಇಳಿಯುತ್ತಿದ್ದರೆ ಅದು ಫೌಲರ್‌ನ ಟೌನ್ಸ್‌ವಿಲ್, ಬಾಕ್ಸ್ ಬಿಟ್ಟು ಕದಲದಿದ್ದರೆ ಲೆ ಫಾಂಡ್ರನ ಸಿಡ್ನಿ.